ಹೊಗೆಯಿಂದ ಶಕ್ತಿ ತೆಗೆದ ಆಲ್ಫ್ರೆಡ್ ಬ್ಯೂಕಿ: ಟರ್ಬೊ ಕಾರಿಗೆ ಇಂಟರ್‌ಕೂಲರ್ ಹಾಕಿಸುವ ಮುನ್ನ ಈ ಬದುಕು ಓದಿ

ನವದೆಹಲಿ: ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ದೆಹಲಿ, ಗುರುಗ್ರಾಮ, ನೋಯ್ಡಾ ರಸ್ತೆಗಳಲ್ಲಿ ಟರ್ಬೊ ಕಾರುಗಳ ಜೋರು ಕುಗ್ಗುತ್ತದೆ. ಕಾಶ್ಮೀರಿ ಗೇಟ್ ಮಾರುಕಟ್ಟೆಯಿಂದ ದೊಡ್ಡ ಇಂಟರ್‌ಕೂಲರ್ ತಂದು ತಾವೇ ಕೂರಿಸಿಕೊಳ್ಳೋಣ ಎಂಬ ಆಸೆ ಕಾರುಪ್ರಿಯರಿಗೆ ಬರುವುದು ಸಹಜ. ಆದರೆ ಟರ್ಬೊ ಒಂದು ಬಿಡಿಭಾಗವಲ್ಲ, ಇಡೀ ಎಂಜಿನ್‌ನ ಲೆಕ್ಕಾಚಾರ. ಇದನ್ನು ಅರಿಯಲು ಅದರ ಜನಕನಿಗೇ 20 ವರ್ಷ ಬೇಕಾಯಿತು.

ಆ ವ್ಯಕ್ತಿಯೇ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ.

ವ್ಯರ್ಥ ಹೊಗೆ ಕಂಡ ಯುವಕ

ಬ್ಯೂಕಿ ಹುಟ್ಟಿದ್ದು 1879ರ ಜುಲೈ 11ರಂದು, ಸ್ವಿಟ್ಜರ್ಲೆಂಡ್‌ನ ಕೈಗಾರಿಕಾ ನಗರ ವಿಂಟರ್‌ತೂರ್‌ನಲ್ಲಿ. ತಂದೆ ಅಲ್ಲಿನ ಹೆಸರಾಂತ ಸುಲ್ಜರ್ ಕಂಪನಿಯ ಹಿರಿಯ ಅಧಿಕಾರಿ. ಜ್ಯೂರಿಕ್‌ನಲ್ಲಿ 1903ರಲ್ಲಿ ಎಂಜಿನಿಯರಿಂಗ್ ಮುಗಿಸಿದ ಬ್ಯೂಕಿ, ಬೆಲ್ಜಿಯಂ ಮತ್ತು ಇಂಗ್ಲೆಂಡ್‌ನಲ್ಲಿ ಕೆಲಸ ಮಾಡಿದರು.

ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿ ಹೊಗೆಯಾಗಿ ಹೊರಹೋಗುತ್ತದೆ. ಅದೇ ಹೊಗೆಯಿಂದ ಟರ್ಬೈನ್ ತಿರುಗಿಸಿ, ಅದರ ಬಲದಿಂದ ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿದರೆ ಹೇಗೆ? ಈ ಯೋಚನೆಗೆ ಅವರು 1905ರ ನವೆಂಬರ್ 16ರಂದು ಪೇಟೆಂಟ್ ಪಡೆದರು. ಆಗ ವಯಸ್ಸು 26.

ಸೋಲು, ನಂತರ ಗೆಲುವು

1909ರಲ್ಲಿ ಸುಲ್ಜರ್ ಸೇರಿ ಡೀಸೆಲ್ ಎಂಜಿನ್ ಸಂಶೋಧನೆಗೆ ಇಳಿದರು. ಎತ್ತರದಲ್ಲಿ ಗಾಳಿ ತೆಳುವಾಗಿ ವಿಮಾನಗಳ ಎಂಜಿನ್ ಶಕ್ತಿ ಕಳೆದುಕೊಳ್ಳುವ ಸಮಸ್ಯೆಗೆ ಟರ್ಬೊ ಪರಿಹಾರವಾಗಬೇಕಿತ್ತು. ಆದರೆ 1915ರ ಮಾದರಿ ನಂಬಿಕೆಗೆ ಅರ್ಹವಾಗಲಿಲ್ಲ, ಉತ್ಪಾದನೆಗೆ ಹೋಗಲೂ ಇಲ್ಲ.

ಬ್ಯೂಕಿ ಕೈಬಿಡಲಿಲ್ಲ. ವಾಲ್ವ್ ತೆರೆಯುವ ಸಮಯ, ಹೊಗೆ ಕೊಳವೆಗಳ ವಿಂಗಡಣೆ, ಟರ್ಬೈನ್ ಗಾತ್ರ ಎಲ್ಲವೂ ಒಂದಕ್ಕೊಂದು ಹೊಂದಬೇಕು ಎಂದು ಕಂಡುಕೊಂಡರು. 1925ರಲ್ಲಿ ಹೊಸ ಪೇಟೆಂಟ್ ಬಂತು. ಜರ್ಮನಿಯ 'ಪ್ರಾಯ್ಸೆನ್' ಮತ್ತು 'ಹಾನ್ಸೆಸ್ಟಾಟ್ ಡಾನ್ಸಿಗ್' ಪ್ರಯಾಣಿಕ ಹಡಗುಗಳ ಎಂಜಿನ್ ಶಕ್ತಿ 1750ರಿಂದ 2500 ಅಶ್ವಶಕ್ತಿಗೆ ಜಿಗಿಯಿತು. 1938ರಲ್ಲಿ ಸ್ವಿಸ್ ಕಂಪನಿ ಸೌರರ್ ಟರ್ಬೊ ಟ್ರಕ್ ತಂದಿತು.

1959ರ ಅಕ್ಟೋಬರ್ 27ರಂದು ಬ್ಯೂಕಿ ನಿಧನರಾದರು. ಟರ್ಬೊ ಇರುವ ಮಾರಾಟದ ಕಾರು ನೋಡುವ ಭಾಗ್ಯ ಅವರಿಗೆ ಇರಲಿಲ್ಲ. ಮೂರು ವರ್ಷದ ನಂತರ, 1962ರಲ್ಲಿ ಬಂದ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲಿ ಇಂಟರ್‌ಕೂಲರ್ ಇರಲಿಲ್ಲ. ತಂಪಿಗಾಗಿ ನೀರು-ಮೆಥನಾಲ್ ಮಿಶ್ರಣ ಸಿಂಪಡಿಸಬೇಕಿತ್ತು. ಚಾಲಕರು ಅದನ್ನು ತುಂಬಿಸಲು ಮರೆತರೆ ಟರ್ಬೊದ ಒತ್ತಡವೇ ತಗ್ಗುತ್ತಿತ್ತು.

ದೆಹಲಿ ಬಿಸಿಲಿನ ಲೆಕ್ಕ

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಬಿಸಿ ಗಾಳಿ ಬೆಟ್ಟದ ಗಾಳಿಯಂತೆ ತೆಳು. 45 ಡಿಗ್ರಿಯ ಗಾಳಿಯನ್ನು ಸಾಮಾನ್ಯ ಟರ್ಬೊ 0.7 ಬಾರ್ ಒತ್ತಿದರೆ ಅದರ ಬಿಸಿ 120 ಡಿಗ್ರಿ ಸಮೀಪಕ್ಕೆ ಏರುತ್ತದೆ. ಇಂಟರ್‌ಕೂಲರ್ ಅದನ್ನು 60 ಡಿಗ್ರಿಗೆ ಇಳಿಸಿದರೆ ಸಿಲಿಂಡರ್‌ಗೆ ಸುಮಾರು ಶೇ. 15ರಷ್ಟು ಹೆಚ್ಚು ಗಾಳಿ ಸಿಗುತ್ತದೆ. ಪೆಟ್ರೋಲ್ ಎಂಜಿನ್ ನಾಕಿಂಗ್‌ನಿಂದಲೂ ಪಾರಾಗುತ್ತದೆ.

ಹಾಗೆಂದು ದೊಡ್ಡದೆಲ್ಲ ಒಳ್ಳೆಯದಲ್ಲ. ಕೋರ್ ಹಾಗೂ ಪೈಪ್ ಅತಿಯಾದರೆ ಒತ್ತಡ ಸೋರಿ, ಟರ್ಬೊ ಸ್ಪಂದನೆ ನಿಧಾನವಾಗುತ್ತದೆ. ರೇಡಿಯೇಟರ್, ಎಸಿ ಕಂಡೆನ್ಸರ್ ಮುಂದೆ ಕೂರಿಸಿದರೆ ಟ್ರಾಫಿಕ್‌ನಲ್ಲಿ ಅವುಗಳಿಗೇ ಗಾಳಿ ಸಿಗದೆ ಎಂಜಿನ್ ಕುದಿಯಬಹುದು. ಆದ್ದರಿಂದ ಮೊದಲು ಬಿಸಿ ಮತ್ತು ಒತ್ತಡ ಅಳೆಯಿರಿ, ನಂತರ ಜಾಗ ಅಳೆಯಿರಿ, ಕೊನೆಗೆ ಖರೀದಿಸಿ.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಸ್ಪ್ಯಾನರ್ ಹಿಡಿಯುವ ಮುನ್ನ ಆರ್‌ಟಿಒ ಮತ್ತು ವಿಮಾ ಕಂಪನಿಯನ್ನು ಕೇಳುವುದು ಕ್ಷೇಮ.