ಕಡಲಿಗಿಳಿಯದ ಟಿಪ್ಪುವಿನ ನೌಕಾಪಡೆ

ರಾಯಚೂರು: ಕೃಷ್ಣೆ ಹಾಗೂ ತುಂಗಭದ್ರೆಯರ ನಡುವಿನ ಈ ದೋಆಬ್ ಸೀಮೆಗೂ ಕಡಲಿಗೂ ನೇರ ನಂಟಿಲ್ಲ. ದೇವದುರ್ಗದ ಅಂಚಿನಲ್ಲಿ ಕೃಷ್ಣೆ, ಮಾನ್ವಿಯ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತವೆ. ಶತಮಾನಗಳ ಕಾಲ ಇಲ್ಲಿನವರು ಹೊಳೆ ದಾಟಿದ್ದು ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲಿನಲ್ಲಿ. ಹೀಗಿದ್ದರೂ ಕಡಲಿನ ಮೇಲೆ ದೊಡ್ಡ ಕನಸು ಕಟ್ಟಿದ್ದ ಅರಸನೊಬ್ಬ ಒಂದು ಮಳೆಗಾಲ ಈ ತುಂಗಭದ್ರೆಯ ದಡದಲ್ಲಿಯೇ ತಡೆದು ನಿಲ್ಲಬೇಕಾಯಿತು. ಆತ ಮೈಸೂರಿನ ಟಿಪ್ಪು ಸುಲ್ತಾನ್. ರಣರಂಗದ ಟಿಪ್ಪುವನ್ನು ನಾಡು ಬಲ್ಲದು. ಹಡಗಿನ ಮಾದರಿಯೊಂದನ್ನು ಕೊಟ್ಟು, ಅದರಂತೆಯೇ ನೌಕಾಪಡೆ ಕಟ್ಟಿರೆಂದು ಆಜ್ಞಾಪಿಸಿದ ಟಿಪ್ಪುವಿನ ಕಥೆ ಅಷ್ಟಾಗಿ ಪರಿಚಿತವಲ್ಲ.

ತಂದೆಯಿಂದ ಬಂದ ಪಾಠ

ಟಿಪ್ಪು ಹುಟ್ಟಿದ್ದು 18ನೇ ಶತಮಾನದ ನಡುಭಾಗದಲ್ಲಿ, ಬಯಲುಸೀಮೆಯ ದೇವನಹಳ್ಳಿಯಲ್ಲಿ. ಆತ ಬಾಲಕನಾಗಿದ್ದಾಗ, 1763ರಲ್ಲಿ, ತಂದೆ ಹೈದರ್ ಅಲಿ ಬಿದನೂರನ್ನು ಗೆದ್ದ. ಅದರೊಂದಿಗೆ ಮಂಗಳೂರು, ಹೊನ್ನಾವರ ಮೊದಲಾದ ಬಂದರುಗಳು ಮೈಸೂರಿನ ಪಾಲಾದವು. ಹೈದರ್ ಕೂಡಲೇ ಹಡಗು ಕಟ್ಟಿಸತೊಡಗಿದ.

ಆದರೆ ಕಡಲು ಆತನಿಗೆ ಒಲಿಯಲಿಲ್ಲ. 1768ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಪಡೆ ಕರಾವಳಿಗೆ ಬಂದಾಗ ಹೈದರನ ಹಡಗುಗಳು ಶತ್ರುವಿನ ಕಡೆಗೇ ಸೇರಿಕೊಂಡವು. ಮತ್ತೆ ಕಟ್ಟಿದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಬಂದರಿನಲ್ಲಿಯೇ ನಾಶಪಡಿಸಿದ. ಎರಡು ವರ್ಷಗಳ ಬಳಿಕ ಹೈದರ್ ಯುದ್ಧ ಶಿಬಿರದಲ್ಲಿ ಅಸುನೀಗಿದಾಗ ಟಿಪ್ಪುವಿಗೆ ದಕ್ಕಿದ್ದು ಬಲಿಷ್ಠ ಭೂಸೇನೆ. ನೌಕಾಬಲ ಮಾತ್ರ ಇಲ್ಲವೆಂಬಷ್ಟೇ.

ಪಟ್ಟವೇರಿದ ಟಿಪ್ಪುವಿನ ಮೊದಲ ದೊಡ್ಡ ಕಾಳಗಗಳಲ್ಲೊಂದು ಕರಾವಳಿಯಲ್ಲಿಯೇ ನಡೆಯಿತು. ಮಂಗಳೂರಿನ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ ವಶಪಡಿಸಿಕೊಂಡು, 1784ರ ಮಾರ್ಚ್ 11ರಂದು ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡ. ಶತ್ರುನೌಕೆಗಳು ಗುರುಪುರ ಹೊಳೆಯನ್ನು ಪ್ರವೇಶಿಸದಂತೆ ಬೋಳೂರಿನಲ್ಲಿ ಕಾವಲುಕಟ್ಟೆ ಕಟ್ಟಿಸಿದ. ಅದೇ ಇಂದಿನ ಸುಲ್ತಾನ್ ಬತ್ತೇರಿ. ಅದೇ ವರ್ಷ ಕೆನರಾದ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದೂ ಇತಿಹಾಸ. ಕರಾವಳಿಯ ನೆನಪಿನಲ್ಲಿ ಆ ಗಾಯ ಇಂದಿಗೂ ಮಾಸಿಲ್ಲ.

1786: ಕಡಲೂ ಹೊಳೆಯೂ

ಗಂಧ, ಮೆಣಸು, ಏಲಕ್ಕಿಯ ವ್ಯಾಪಾರವನ್ನು ಟಿಪ್ಪು ಸರ್ಕಾರದ ಹಿಡಿತಕ್ಕೆ ತಂದು ಮಸ್ಕತ್‌ನಲ್ಲಿ ಮೈಸೂರಿನ ಕೋಠಿ ತೆರೆದ. 1786ರ ಮಾರ್ಚ್‌ನಲ್ಲಿ ಗೋಕರ್ಣ ಸಮೀಪದ ತದಡಿಯಿಂದ ನಾಲ್ಕು ಹಡಗುಗಳು ತುರ್ಕಿಯತ್ತ ಹೊರಟವು. ಸುಲ್ತಾನನ ರಾಯಭಾರಿಗಳು, ಕಾವಲುಗಾರರು, ಸೇವಕರು ಸೇರಿ ಸುಮಾರು 900 ಮಂದಿ ಅವುಗಳಲ್ಲಿದ್ದರು. ಬಿರುಗಾಳಿ, ಅಪಘಾತ, ರೋಗಗಳಿಗೆ ಹಡಗುಗಳೂ ಜನರೂ ಬಲಿಯಾದರು. ಹೋದವರಲ್ಲಿ ಬಹುತೇಕರು ಮರಳಲಿಲ್ಲ.

ಆ ಹಡಗುಗಳು ದೂರದ ನೀರಿನಲ್ಲಿದ್ದಾಗ ಟಿಪ್ಪು ಈ ಭಾಗದಲ್ಲಿದ್ದ. ನಿಜಾಮ ಮತ್ತು ಮರಾಠರೊಡನೆ ಯುದ್ಧ ಆರಂಭವಾಗಿತ್ತು. ನಿಜಾಮನ ಬಂಧುಗಳಿದ್ದ ಆದೋನಿ ಕೋಟೆಗೆ ಆತ ಮುತ್ತಿಗೆ ಹಾಕಿದ. ಜುಲೈ ಆರಂಭದಲ್ಲಿ ಅವರು ಕೋಟೆ ತೊರೆದು ತುಂಗಭದ್ರೆಯನ್ನು ದಾಟಿ ರಾಯಚೂರಿನ ಆಶ್ರಯ ಪಡೆದರು. ಹೊಳೆ ತುಂಬಿ ಬಂದುದರಿಂದ ಬೆನ್ನಟ್ಟುವುದು ಸಾಧ್ಯವಾಗಲಿಲ್ಲ. ಆದರೆ ಶತ್ರುಗಳು ನಿರೀಕ್ಷಿಸದ ಆಗಸ್ಟ್‌ನ ಪ್ರವಾಹದಲ್ಲಿಯೇ ಹರಿಗೋಲು, ತೆಪ್ಪಗಳನ್ನು ಕೂಡಿಸಿ ಟಿಪ್ಪು ಇಡೀ ಸೇನೆಯನ್ನು ಆಚೆ ದಡಕ್ಕೆ ಸಾಗಿಸಿದ. ಹೊಳೆಯನ್ನು ಹರಿಗೋಲಿನಲ್ಲಿ ಗೆಲ್ಲಬಹುದಿತ್ತು. ಕಡಲನ್ನು ಗೆಲ್ಲಲು ಅದು ಸಾಲದಾಗಿತ್ತು.

ಮಾದರಿಯಂತೆ ಕಟ್ಟಿ

1790ರಲ್ಲಿ ಮತ್ತೆ ಯುದ್ಧ. 1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಕೊಪ್ಪಳದ ಕೋಟೆ 1791ರಲ್ಲಿ ನಿಜಾಮ ಹಾಗೂ ಕಂಪನಿಯ ಪಡೆಗಳ ಕೈಸೇರಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ತೆರಬೇಕಾಯಿತು. ಇಬ್ಬರು ಪುತ್ರರನ್ನು ಒತ್ತೆಯಿಟ್ಟ. ಮಲಬಾರಿನ ಬಂದರುಗಳು ಕೈಬಿಟ್ಟವು. ಉಳಿದದ್ದು ಮಂಗಳೂರಿನಿಂದ ಸದಾಶಿವಗಡದವರೆಗಿನ ಕರಾವಳಿ.

ಈ ಸೋಲಿನ ಬಳಿಕ ನೌಕಾಪಡೆಯ ಯೋಜನೆ ರೂಪುಗೊಂಡಿತು. 1796ರಲ್ಲಿ ಟಿಪ್ಪು ಮೀರ್ ಯಮ್ ಎಂಬ 11 ಅಧಿಕಾರಿಗಳ ಮಂಡಳಿಯನ್ನು ನೇಮಿಸಿದ. ಅವರ ಕೈಕೆಳಗೆ 30 ಮಂದಿ ಮೀರ್ ಬಹರ್, ಅಂದರೆ ನೌಕಾನಾಯಕರು. ಸುಮಾರು 40 ಯುದ್ಧನೌಕೆಗಳನ್ನು ಕಟ್ಟುವುದು ಗುರಿ. ಅರ್ಧದಷ್ಟು 72 ಹಾಗೂ 62 ತೋಪುಗಳ ಭಾರಿ ನೌಕೆಗಳು, ಉಳಿದವು ವೇಗದ ಫ್ರಿಗೇಟ್‌ಗಳು. ಮಂಗಳೂರು, ಮಿರ್ಜಾನ್, ಸದಾಶಿವಗಡಗಳಲ್ಲಿ ಹಡಗುಕಟ್ಟೆಗಳು. ಸರ್ಕಾರಿ ಕಾಡುಗಳಲ್ಲಿ ತೇಗ ಕಡಿದು ಹೊಳೆಗಳಲ್ಲಿ ತೇಲಿಬಿಟ್ಟು ಅಲ್ಲಿಗೆ ತಲುಪಿಸಬೇಕಿತ್ತು. ಹಡಗು ಹೇಗಿರಬೇಕೆಂಬ ಮಾದರಿಯನ್ನು ಸ್ವತಃ ಟಿಪ್ಪುವೇ ಒದಗಿಸಿದ.

ಮಾದರಿಗೆ ಅಂದು ಇದ್ದ ಬೆಲೆ ಇಂದು ಸುಲಭವಾಗಿ ಅರಿವಾಗದು. ಕಾಗದದ ನಕ್ಷೆ ಓದಲು ತರಬೇತಿ ಬೇಕು. ಮರದಲ್ಲಿ ಕಡೆದ ಚಿಕ್ಕ ಹಡಗನ್ನು ಯಾವ ಬಡಗಿಯೂ ಕೈಯಲ್ಲಿ ಹಿಡಿದು ಓದಬಲ್ಲ. ಒಡಲಿನ ಬಾಗು, ಪಕ್ಕೆಗಳ ಅಂತರ, ಅಟ್ಟಗಳ ಎತ್ತರಗಳನ್ನು ಅಳೆದು, ಪ್ರಮಾಣಕ್ಕೆ ತಕ್ಕಂತೆ ಹಿಗ್ಗಿಸಿದರೆ ನೌಕೆಯ ಲೆಕ್ಕ ಸಿದ್ಧ. ಇಂಗ್ಲೆಂಡಿನ ನೌಕಾಮಂಡಳಿಯೂ 1:48 ಪ್ರಮಾಣದ ಮರದ ಮಾದರಿಗಳನ್ನು ಮಾಡಿಸುತ್ತಿತ್ತು. ಮುಂದೆ ಉಗಿಯಂತ್ರದ ಪ್ರಯಾಣಿಕ ನೌಕೆಗಳ ಯುಗದಲ್ಲಿಯೂ ಇದೇ ಅಳತೆ ಬಳಕೆಯಲ್ಲಿತ್ತು. ಈ ಅಳತೆಯಲ್ಲಿ ಕಡೆದರೆ ಟೈಟಾನಿಕ್ ಸುಮಾರು 18 ಅಡಿ, ಕ್ವೀನ್ ಮೇರಿ ಸುಮಾರು 21 ಅಡಿ ಉದ್ದವಾಗುತ್ತದೆ. ಇಂದು ಅಂಥ ಮಾದರಿಗಳು ಗಾಜಿನ ಪೆಟ್ಟಿಗೆಯ ಅಲಂಕಾರ. ಅಂದು ಅವೇ ಹಡಗಿನ ಬೀಜ.

ಕಾಲ ಕೂಡಿಬರಲಿಲ್ಲ

ಬೀಜ ಮೊಳೆಯಲು ಕಾಲ ಬೇಕಿತ್ತು. ಆ ಕಾಲದ 74 ತೋಪುಗಳ ಇಂಗ್ಲಿಷ್ ನೌಕೆಯೊಂದಕ್ಕೆ ಸುಮಾರು 2,000 ಓಕ್ ಮರಗಳು ಬೇಕಾಗುತ್ತಿದ್ದವು. ಕಡಿದ ಮರ ಒಣಗಿ ಹದಗೊಳ್ಳಬೇಕು, ತೋಪು ಎರಕವಾಗಬೇಕು, ನಾವಿಕರು ಪಳಗಬೇಕು. ಹೊಸ ಮಂಡಳಿ ರಚನೆಯಾದಾಗ ಟಿಪ್ಪುವಿನ ಬಳಿ ಉಳಿದಿದ್ದದ್ದು ಮೂರು ವರ್ಷಕ್ಕೂ ಕಡಿಮೆ ಅವಧಿ.

1799ರಲ್ಲಿ ಕಂಪನಿಯ ಮುಂಬಯಿ ಸೇನೆ ಸಮುದ್ರಮಾರ್ಗವಾಗಿ ಕಣ್ಣೂರಿಗೆ ಬಂದಿಳಿದು ಕೊಡಗಿನ ಮೂಲಕ ಮೇಲೇರಿತು. ಅದನ್ನು ಕಡಲಿನಲ್ಲಿ ತಡೆಯುವವರಿರಲಿಲ್ಲ. ಪೂರ್ವದಿಂದ ಮದ್ರಾಸಿನ ಸೇನೆಯೂ ನಿಜಾಮನ ಪಡೆಯೂ ಬಂದವು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಕೋಟೆಯಲ್ಲಿ ಹೋರಾಡುತ್ತಲೇ ಮಡಿದ. ಕೆನರಾ ಕರಾವಳಿ ಕಂಪನಿಯ ವಶವಾಯಿತು.

ತೇಗ ಮಾತ್ರ ಹಡಗಾಗುವುದನ್ನು ಬಿಡಲಿಲ್ಲ. ಪಶ್ಚಿಮ ಕರಾವಳಿಯ ಕಾಡುಗಳ ಮರ ಮುಂಬಯಿಯ ಹಡಗುಕಟ್ಟೆ ಸೇರಿತು. ಅಲ್ಲಿ ವಾಡಿಯಾ ಮನೆತನದ ಪಾರ್ಸಿ ಕುಶಲಕರ್ಮಿಗಳು ಬ್ರಿಟಿಷ್ ನೌಕಾಪಡೆಗೆ 1810ರಲ್ಲಿ ಮಿಂಡೆನ್, 1813ರಲ್ಲಿ ಕಾರ್ನ್‌ವಾಲಿಸ್, 1817ರಲ್ಲಿ ಟ್ರಿಂಕೊಮಲಿ ನೌಕೆಗಳನ್ನು ಕಟ್ಟಿಕೊಟ್ಟರು. ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಪಡೆದ ಗವರ್ನರ್ ಜನರಲ್‌ನ ಹೆಸರು ಹೊತ್ತ ಕಾರ್ನ್‌ವಾಲಿಸ್ ನೌಕೆಯ ಮೇಲೆಯೇ 1842ರಲ್ಲಿ ಚೀನಾದೊಡನೆ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದಿತು. ಟ್ರಿಂಕೊಮಲಿ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ.

ಶ್ರೀರಂಗಪಟ್ಟಣದ ಲೂಟಿಯಲ್ಲಿ ದೊರೆತ ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದನ್ನು ನೋಡಲು ಜನ ಸೇರುತ್ತಾರೆ. ಆತ ಬಯಸಿದ 40 ನೌಕೆಗಳ ಪಡೆಗೆ ಅಂಥ ಕುರುಹಿಲ್ಲ. ಸುಲ್ತಾನ್ ಬತ್ತೇರಿಯ ಕಲ್ಲುಕಟ್ಟೆಯ ಮೇಲೆ ನಿಂತರೆ, ಯಾವ ಭಯ ಆ ಕನಸನ್ನು ಹುಟ್ಟಿಸಿತೆಂಬುದು ಮಾತ್ರ ತಿಳಿಯುತ್ತದೆ: ಎದುರಿಗೆ ಹೊಳೆ, ಅದರಾಚೆ ತೆರೆದ ಕಡಲು.