ಬಾಳೆಯ ವಂಶವನ್ನರಸಿದ ವಿಜ್ಞಾನಿ: ದಿವಂಗತ ಪ್ರೊ. ಆಘಾರಕರ್

ನಮ್ಮ ಹೋಟೆಲುಗಳಲ್ಲಿ ಬಾಳೆಯ ಎಲೆಗೂ ಹಣ್ಣಿಗೂ ದೊರೆಯುವ ಮನ್ನಣೆ ಅಲ್ಪವಲ್ಲ. ಆದರೆ ಆ ಹಣ್ಣಿನಲ್ಲಿ ಬೀಜವೇಕಿಲ್ಲವೆಂದು ನಾವು ಯೋಚಿಸುವುದು ವಿರಳ. ಬಾಳೆಯ ವಂಶರಹಸ್ಯದ ಬೆನ್ನು ಹತ್ತಿದ ಭಾರತೀಯ ವಿದ್ವಾಂಸರಲ್ಲಿ ಒಬ್ಬರು ನಾವು ನೆಲಸಿರುವ ಈ ಪುಣೆಯಲ್ಲೇ ತಮ್ಮ ಕೊನೆಯ ವರ್ಷಗಳನ್ನು ಸವೆಸಿದರು. ಅವರೇ ಪ್ರೊ. ಶಂಕರ ಪುರುಷೋತ್ತಮ ಆಘಾರಕರ್.

1884ರಲ್ಲಿ ಕೊಂಕಣದ ಮಾಲವಣದಲ್ಲಿ ಜನಿಸಿದ ಇವರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ತಾರುಣ್ಯದಲ್ಲಿ ಸಹ್ಯಾದ್ರಿಯನ್ನು ಸುತ್ತುತ್ತಿದ್ದಾಗ, ಅದುವರೆಗೆ ಆಫ್ರಿಕದಲ್ಲಿ ಮಾತ್ರ ಕಂಡಿದ್ದ ಸಿಹಿನೀರಿನ ಜೆಲ್ಲಿಮೀನಿನ ಕುಲವನ್ನು ಸಾತಾರಾ ಸೀಮೆಯ ಹೊಳೆಗಳಲ್ಲಿ ಕಂಡುಹಿಡಿದರು. ಆ ಹೊಳೆಗಳ ನೀರೇ ಕೃಷ್ಣೆಯನ್ನು ಕೂಡಿ ಕನ್ನಡನಾಡಿಗೆ ಹರಿಯುವುದೆಂಬುದನ್ನು ವಾಚಕರು ಬಲ್ಲರು.

ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ತೆರಳಿದಾಗ ಮೊದಲನೆಯ ಮಹಾಯುದ್ಧವು ಸಿಡಿಯಿತು. ಶತ್ರುದೇಶದ ಪ್ರಜೆಯೆಂದು ಅಲ್ಲಿ ಬಂಧನದಲ್ಲಿರಬೇಕಾಯಿತು. ಆದರೂ ಧೃತಿಗೆಡದೆ 1919ರಲ್ಲಿ ಬರ್ಲಿನ್ನಿನ ಡಾಕ್ಟರೇಟ್ ಪದವಿಯನ್ನು ಪಡೆದೇ ಹಿಂದಿರುಗಿದರು. ಬಳಿಕ ಕಲಕತ್ತಾ ವಿಶ್ವವಿದ್ಯಾನಿಲಯದಲ್ಲಿ 1946ರವರೆಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ದುಡಿದರು.

ಅಲ್ಲಿದ್ದಾಗಲೇ, ಸಹೋದ್ಯೋಗಿ ಭಾದುರಿಯವರೊಡನೆ ಬಾಳೆಯ ವರ್ಣತಂತುಗಳ ಸಂಖ್ಯಾಭೇದವನ್ನು ಪರಿಶೀಲಿಸಿ, 1935ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವರ್ಣತಂತುಗಳೆಂದರೆ ಜೀವಕೋಶದೊಳಗೆ ವಂಶಗುಣಗಳನ್ನು ಹೊತ್ತ ಸೂಕ್ಷ್ಮ ಎಳೆಗಳು. ಕಾಡುಬಾಳೆಯಲ್ಲಿ ಇವು ಹನ್ನೊಂದರ ಎರಡು ಜೊತೆ, ಅಂದರೆ 22. ನಾವು ತಿನ್ನುವ ಬಹುತೇಕ ತಳಿಗಳಲ್ಲಾದರೋ 33. ಮೂರು ಪಾಲಾದುದನ್ನು ಎರಡಾಗಿ ಸಮನಾಗಿ ಹಂಚಲಾಗದು. ಆದುದರಿಂದಲೇ ಬೀಜ ಕಟ್ಟದು. ಎರಡು ಕಾಡುಜಾತಿಗಳು ನಿಸರ್ಗದಲ್ಲಿ ಬೆರೆತುದರಿಂದಲೇ ಅನೇಕ ತಳಿಗಳು ಹುಟ್ಟಿದುವೆಂಬುದನ್ನು 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಎಂಬವರು ಸಿದ್ಧಪಡಿಸಿದರು.

ಇದು ಕೇವಲ ಲೆಕ್ಕದ ವಿನೋದವಲ್ಲ. ಬೀಜವಿಲ್ಲದ ಬಾಳೆಯು ಕಂದಿನಿಂದಲೇ ಬೆಳೆಯುವುದರಿಂದ, ಒಂದು ತೋಟದ ಗಿಡಗಳೆಲ್ಲವೂ ಒಂದೇ ಗುಣದವು. ಒಂದಕ್ಕೆ ತಗುಲಿದ ರೋಗ ಎಲ್ಲವನ್ನೂ ಕೆಡಹಬಲ್ಲುದು. ನಂಜನಗೂಡಿನ ರಸಬಾಳೆಯು ಪನಾಮಾ ಸೊರಗುರೋಗಕ್ಕೆ ಸಿಲುಕಿ ಅಳಿವಿನ ಅಂಚಿಗೆ ಬಂದುದನ್ನು ನಾವು ಮರೆಯಲಾಗದು. ರೋಗವನ್ನು ತಡೆವ ಹೊಸ ತಳಿಯನ್ನು ಪಡೆಯಬೇಕಾದರೆ ವಂಶದ ಮೂಲವನ್ನು ಅರಿಯಲೇಬೇಕು.

ನಿವೃತ್ತಿಯ ವಯಸ್ಸಿನಲ್ಲಿಯೂ ಆಘಾರಕರರು ವಿಶ್ರಾಂತಿಯನ್ನು ಬಯಸಲಿಲ್ಲ. 1946ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ವಿಜ್ಞಾನವರ್ಧಿನಿಗೆ ಸ್ಥಾಪಕ ನಿರ್ದೇಶಕರಾಗಿ, 1960ರಲ್ಲಿ ತೀರಿಕೊಳ್ಳುವ ತನಕ ಅದನ್ನು ಪೋಷಿಸಿದರು. ಅದರ ಸಂಶೋಧನಾ ಸಂಸ್ಥೆಗೆ 1992ರಲ್ಲಿ ಇವರ ಹೆಸರನ್ನಿಡಲಾಯಿತು. ಸಂಸ್ಥೆಯ ಎದುರಿನ ರಸ್ತೆಗಿರುವುದು ಸಮಾಜಸುಧಾರಕ ಗೋಪಾಲ ಗಣೇಶ ಆಗರ್‌ಕರರ ಹೆಸರು. ಇಬ್ಬರೂ ಒಬ್ಬರೇ ಎಂದು ಭ್ರಮಿಸಬಾರದು.

ಮಾಲವಣ, ಮುಂಬಯಿ, ಬರ್ಲಿನ್, ಕಲಕತ್ತೆ, ಪುಣೆ ಹೀಗೆ ಪರಸ್ಥಳಗಳಲ್ಲೇ ಬಾಳಿ, ನೆಲಸಿದ ಊರಿಗೆ ತಮ್ಮ ದುಡಿಮೆಯ ಫಲವನ್ನು ಬಿಟ್ಟುಹೋದ ಈ ಹಿರಿಯರ ಜೀವನವು, ಊರು ಬಿಟ್ಟು ಬಂದ ನಮ್ಮಂಥವರಿಗೆ ಅನುಕರಣೀಯವೆಂದು ನಾವು ಭಾವಿಸುತ್ತೇವೆ.