ಮುಳುಗುವ ಕ್ಲಬ್ಬುಗಳಿಗೆ ಹೋದ ಮ್ಯಾನೇಜರ್

ನಮ್ಮ ಆಲಂಕಾರು ಕಡೆ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಚಾ ಅಂಗಡಿಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಮುಂದಿನ ತಿರುಗಾಟಕ್ಕೆ ಯಾವ ಭಾಗವತರು ಯಾವ ಮೇಳಕ್ಕೆ, ಯಾರು ಯಾರನ್ನು ಬಿಡಿಸಿಕೊಂಡು ಬಂದರು, ಸೊರಗಿದ ಮೇಳವನ್ನು ಎತ್ತಲಿಕ್ಕೆ ಹೊಸಬರಿಂದ ಆಗ್ತದಾ ಇಲ್ವಾ ಅಂತ. ಮಳೆಗಾಲ ಪೂರ್ತಿ ಇದೇ ಚರ್ಚೆ. ರಾತ್ರಿ ಮೊಬೈಲಿನಲ್ಲಿ ಪ್ರೀಮಿಯರ್ ಲೀಗ್ ನೋಡುವ ನಮ್ಮ ಹಾಸ್ಟೆಲಿನವರ ಚರ್ಚೆಯೂ ಇದೇ, ಹೆಸರುಗಳು ಮಾತ್ರ ಬೇರೆ. ವ್ಯತ್ಯಾಸ ಎಂತ ಅಂದರೆ ಇಂಗ್ಲೆಂಡಿನವರಿಗೆ ತಿರುಗಾಟ ಮುಗಿಯುವವರೆಗೆ ಕಾಯುವ ತಾಳ್ಮೆ ಇಲ್ಲ. ಡಿಸೆಂಬರಿನಲ್ಲಿ ಟೀಮು ಟೇಬಲಿನ ಬುಡಕ್ಕೆ ಬಿತ್ತಾ, ಮ್ಯಾನೇಜರ್ ಮನೆಗೆ.

ಫುಟ್ಬಾಲ್ ನೋಡದವರಿಗಾಗಿ ಒಂದು ಮಾತು. ರೆಲಿಗೇಷನ್ ಅಂದರೆ ಕ್ಲಬ್ಬಿಗೆ ಬರುವ ಇಯರ್ ಬ್ಯಾಕ್. ಸೀಸನ್ ಮುಗಿದಾಗ ಕೊನೆಯಲ್ಲಿರುವ ಟೀಮುಗಳು ಕೆಳಗಿನ ಡಿವಿಷನ್‌ಗೆ ಇಳಿಯಬೇಕು. ಈಗಿನ ಪ್ರೀಮಿಯರ್ ಲೀಗಿನಲ್ಲಿ 20ರಲ್ಲಿ 3 ಟೀಮು. ಇಳಿದರೆ ಟಿವಿಯಿಂದ ಬರುವ ದುಡ್ಡು ಕಡಿಮೆ, ಒಳ್ಳೆಯ ಆಟಗಾರರು ಬೇರೆ ಕಡೆಗೆ, ಆಫೀಸಿನವರ ಕೆಲಸಕ್ಕೂ ಕುತ್ತು. ಅದಕ್ಕೇ ಆ ಗಡಿಬಿಡಿ. ಹೊಸ ಮನುಷ್ಯ ಒಬ್ಬ ಬಂದರೆ ಎಲ್ಲ ಸರಿಹೋಗ್ತದೆ ಎನ್ನುವ ನಂಬಿಕೆ ಫುಟ್ಬಾಲಿಗೆ ಎಲ್ಲಿಂದ ಬಂತು ಅಂತ ಹಿಂದೆ ಹಿಂದೆ ಹೋದರೆ ನಮಗೆ ಸಿಗುವವರು ಹರ್ಬರ್ಟ್ ಚಾಪ್‌ಮನ್. ತೀರಿಕೊಂಡು 90 ವರ್ಷ ದಾಟಿತು. ಒಟ್ಟು ನಾಲ್ಕು ಕ್ಲಬ್ಬುಗಳನ್ನು ನಡೆಸಿದರು. ಅವರು ಕಾಲಿಡುವಾಗ ನಾಲ್ಕೂ ಕಷ್ಟದಲ್ಲಿದ್ದವು. ಇನ್ನೊಂದು ವಿಷಯ, ಅವರು ಓದಿದ್ದು ಮೈನಿಂಗ್ ಎಂಜಿನಿಯರಿಂಗ್. ಹಾಗಾಗಿ ನಮ್ಮವರೇ ಅಂತ ಇಟ್ಕೊಳ್ಳಿ.

ಹುಟ್ಟಿದ್ದು 1878ರ ಜನವರಿ 19ರಂದು, ಇಂಗ್ಲೆಂಡಿನ ಶೆಫೀಲ್ಡ್ ಹತ್ತಿರದ ಕಿವೆಟನ್ ಪಾರ್ಕ್ ಎಂಬಲ್ಲಿ. ಕಲ್ಲಿದ್ದಲಿನ ಊರು. ಅಪ್ಪ ಗಣಿ ಕಾರ್ಮಿಕ, ಓದು ಬರಹ ಇಲ್ಲ. ಗಣಿಗೆ ಇಳಿಯುವುದು ಬಿಟ್ಟರೆ ಬೇರೆ ದಾರಿ ಕಡಿಮೆ ಇದ್ದ ಕಡೆ ಹರ್ಬರ್ಟ್ ಶೆಫೀಲ್ಡಿಗೆ ಹೋಗಿ ಮೈನಿಂಗ್ ಓದಿದರು. ತಮ್ಮ ಹ್ಯಾರಿ ಒಳ್ಳೆಯ ಆಟಗಾರ, ಶೆಫೀಲ್ಡ್ ವೆಡ್ನೆಸ್‌ಡೇ ಟೀಮಿನ ಜೊತೆ ಲೀಗ್ ಗೆದ್ದವರು. ಹರ್ಬರ್ಟ್ ಅಷ್ಟು ದೊಡ್ಡ ಆಟಗಾರ ಅಲ್ಲ. ಊರಿಂದ ಊರಿಗೆ, ಕ್ಲಬ್ಬಿಂದ ಕ್ಲಬ್ಬಿಗೆ ಹೋಗ್ತಾ ಇದ್ದರು, ಬಹಳ ಕಡೆ ಸಂಬಳವಿಲ್ಲದ ಹವ್ಯಾಸಿಯಾಗಿ. ಕೈಯಲ್ಲಿ ಎಂಜಿನಿಯರಿಂಗ್ ಇದ್ದ ಕಾರಣ ಫುಟ್ಬಾಲನ್ನೇ ನಂಬಿ ಕೂರಬೇಕಾಗಿರಲಿಲ್ಲ. ಟಾಟನ್‌ಹ್ಯಾಮ್‌ಗೆ ಆಡುವಾಗ ಹಳದಿ ಬಣ್ಣದ ಬೂಟು ಹಾಕುತ್ತಿದ್ದರು, ಸಹ ಆಟಗಾರರಿಗೆ ಸುಲಭವಾಗಿ ಕಾಣಲಿ ಅಂತ. ಆಟಗಾರನಾಗಿ ಅವರ ಬಗ್ಗೆ ಜನ ಹೆಚ್ಚು ನೆನಪಿಟ್ಟದ್ದು ಆ ಬೂಟನ್ನೇ.

1907ರಲ್ಲಿ ನಾರ್ಥಾಂಪ್ಟನ್ ಟೌನ್ ಒಬ್ಬ ಮ್ಯಾನೇಜರನ್ನು ಹುಡುಕುತ್ತಿತ್ತು. ಸದರ್ನ್ ಲೀಗಿನ ಬುಡದಲ್ಲಿದ್ದ ಟೀಮು. ಕೆಲಸ ಮೊದಲು ಹೋದದ್ದು ಟಾಟನ್‌ಹ್ಯಾಮಿನ ಇನ್ನೊಬ್ಬ ಆಟಗಾರನಿಗೆ. ಅವನು ತನಗೆ ಬೇಡ, ಚಾಪ್‌ಮನ್‌ನನ್ನು ಕೇಳಿ ಅಂದ. ಹೀಗೆ ಯಾರೋ ಬೇಡ ಅಂದ ಕುರ್ಚಿಯಲ್ಲಿ ಕೂತು, ಸ್ವತಃ ಆಡುತ್ತಾ ಆಡಿಸುತ್ತಾ, 1909ಕ್ಕೆ ಅದೇ ಲೀಗನ್ನು ಗೆಲ್ಲಿಸಿದರು. ಆಗಿನ ಮ್ಯಾನೇಜರ್ ಅಂದರೆ ಹೆಚ್ಚಿನ ಕಡೆ ಕಾಗದ ಪತ್ರ ನೋಡುವ ಗುಮಾಸ್ತ. ಯಾರು ಆಡಬೇಕು ಎಂದು ತೀರ್ಮಾನಿಸುವುದು ಕ್ಲಬ್ಬಿನ ಡೈರೆಕ್ಟರುಗಳು. ಮೇಳದ ಭಾಷೆಯಲ್ಲಿ ಹೇಳುವುದಾದರೆ, ಯಾರಿಗೆ ಯಾವ ವೇಷ ಎಂದು ಯಜಮಾನರೇ ಹೇಳಿ, ಭಾಗವತರಿಗೆ ಚೆಂಡೆ ಗಾಡಿಯಿಂದ ಇಳಿಸುವ ಕೆಲಸ ಕೊಟ್ಟ ಹಾಗೆ! ಚಾಪ್‌ಮನ್ ಆಟವನ್ನು ಒಂದು ಲೆಕ್ಕದ ಹಾಗೆ ನೋಡಿದರು. ಬಾಲ್ ನಮ್ಮ ಹತ್ತಿರ ಇಲ್ಲದಾಗ ಯಾರು ಎಲ್ಲಿ ನಿಲ್ಲಬೇಕು, ಎದುರಾಳಿಯನ್ನು ಮುಂದೆ ಎಳೆದು ಅವರ ಹಿಂದೆ ಜಾಗ ಮಾಡುವುದು ಹೇಗೆ ಅಂತೆಲ್ಲ. ಈಗ ಇದು ಯೂಟ್ಯೂಬಿನಲ್ಲಿ ಯಾರೂ ಹೇಳುವ ವಿಷಯ. ಆಗ ಹನ್ನೊಂದು ಜನರನ್ನು ಇಳಿಸಿ ಬಿಟ್ಟರೆ ಮುಗಿಯಿತು.

1912ರಲ್ಲಿ ಲೀಡ್ಸ್ ಸಿಟಿ ಕರೆಯಿತು. ಅದು ಎರಡನೇ ಡಿವಿಷನ್ನಿನಲ್ಲಿ 19ನೇ ಸ್ಥಾನಕ್ಕೆ ಬಿದ್ದ ಕ್ಲಬ್. ಆಗಿನ ನಿಯಮದಲ್ಲಿ ಕೊನೆಯ ಟೀಮುಗಳು ಲೀಗಿನಲ್ಲಿ ಉಳಿಯಬೇಕಾದರೆ ಬೇರೆ ಕ್ಲಬ್ಬುಗಳ ವೋಟು ಕೇಳಬೇಕಿತ್ತು. ಅಂದರೆ ಚಾಪ್‌ಮನ್ ಅವರ ಮೊದಲ ಕೆಲಸ ಟೀಮು ಕಟ್ಟುವುದಲ್ಲ, ಪಂಚಾಯತ್ ಇಲೆಕ್ಷನಿನ ಹಾಗೆ ವೋಟು ಕೇಳುವುದು. ವೋಟು ಸಿಕ್ಕಿತು. ಮೊದಲ ವರ್ಷ 6ನೇ ಸ್ಥಾನ, ಎರಡನೇ ವರ್ಷ 4ನೇ ಸ್ಥಾನ, ಮೇಲಿನ ಡಿವಿಷನ್ ಎರಡೇ ಪಾಯಿಂಟಿನಲ್ಲಿ ತಪ್ಪಿತು. ಇನ್ನೇನು ಆಗ್ತದೆ ಅನ್ನುವಾಗ ಮೊದಲ ಮಹಾಯುದ್ಧ ಬಂತು.

ಇಲ್ಲಿಂದ ಕತೆ ಹಾಳಾಗುತ್ತದೆ. ಯುದ್ಧದ ಸಮಯದಲ್ಲಿ ಆಟಗಾರರಿಗೆ ಸಂಬಳ ಕೊಡುವ ಹಾಗಿಲ್ಲ, ಖರ್ಚು ಮಾತ್ರ ಕೊಡಬಹುದು ಎಂದು ಲೀಗಿನ ನಿಯಮ. 1916ರಲ್ಲಿ ಚಾಪ್‌ಮನ್ ಲೀಡ್ಸ್ ಬಳಿಯ ಬಾರ್ನ್‌ಬೋ ಮದ್ದುಗುಂಡು ಕಾರ್ಖಾನೆಗೆ ಮೇಲ್ವಿಚಾರಕರಾಗಿ ಹೋದರು. ಯುದ್ಧ ಮುಗಿದ ಮೇಲೆ ಕ್ಲಬ್ಬಿನ ಕೆಲಸ ಬಿಟ್ಟು ಸೆಲ್ಬಿ ಎಂಬ ಊರಿನ ಕಾರ್ಖಾನೆಗೆ ಸೇರಿದರು. 1919ರಲ್ಲಿ ಸಂಬಳದ ಜಗಳ ಆದ ಆಟಗಾರನೊಬ್ಬ ದೂರು ಕೊಟ್ಟ: ಯುದ್ಧದ ಕಾಲದಲ್ಲಿ ಕ್ಲಬ್ ಗುಟ್ಟಾಗಿ ಹಣ ಕೊಟ್ಟಿದೆ ಎಂದು. ವಿಚಾರಣೆಗೆ ಲೆಕ್ಕದ ಪುಸ್ತಕ ಕೇಳಿದರು. ಕ್ಲಬ್ ಕೊಡಲಿಲ್ಲ. ಲೀಗ್ ಎಂತ ಮಾಡಿತು ಗೊತ್ತಾ, ಎಂಟು ಮ್ಯಾಚು ಆಡಿ ಆಗಿದ್ದ ಟೀಮನ್ನು ಸೀಸನ್ ನಡುವೆಯೇ ಹೊರಗೆ ಹಾಕಿತು. ಕೆಳಗಿನ ಡಿವಿಷನ್‌ಗೆ ಇಳಿಸಿದ್ದಲ್ಲ, ಕ್ಲಬ್ಬೇ ಇಲ್ಲ ಅನ್ನುವ ಹಾಗೆ ಮಾಡಿತು. 1919ರ ಅಕ್ಟೋಬರ್ 17ರಂದು ಲೀಡ್ಸಿನ ಮೆಟ್ರೋಪೋಲ್ ಹೋಟೆಲಿನಲ್ಲಿ ಆಟಗಾರರ ಏಲಂ ನಡೆಯಿತು. ಈಗಿನ ಐಪಿಎಲ್ ಏಲಂ ಅಂದರೆ ಆಟಗಾರನಿಗೆ ಹಬ್ಬ. ಅಲ್ಲಿ ಹಾಗಲ್ಲ, ದಿವಾಳಿಯಾದ ಅಂಗಡಿಯ ಸಾಮಾನು ಮಾರಿದ ಹಾಗೆ.

ಚಾಪ್‌ಮನ್ ಸೇರಿ ಐದು ಜನರಿಗೆ ಆಜೀವ ನಿಷೇಧ. ಒಂದು ವರ್ಷ ಕಳೆಯುವಾಗ ಸೆಲ್ಬಿಯ ಕಾರ್ಖಾನೆಯ ಕೆಲಸವೂ ಹೋಯಿತು. 42 ವರ್ಷ, ಮನೆಯಲ್ಲಿ ಹೆಂಡತಿ ಮಕ್ಕಳು, ಕೆಲಸ ಇಲ್ಲ, ಗೊತ್ತಿದ್ದ ಆಟಕ್ಕೆ ಮರಳುವ ಬಾಗಿಲು ಮುಚ್ಚಿದೆ. ಹಣ ಕೊಟ್ಟರು ಎನ್ನುವ ಸಮಯದಲ್ಲಿ ತಾನು ಕ್ಲಬ್ಬಿನಲ್ಲೇ ಇರಲಿಲ್ಲ, ಬಾರ್ನ್‌ಬೋದಲ್ಲಿದ್ದೆ ಎಂಬುದು ಅವರ ವಾದ. ನಮಗೆ ಕೇಳಿದರೆ ಅದು ಅರ್ಧ ಉತ್ತರ. ಅಷ್ಟು ವರ್ಷ ಕ್ಲಬ್ಬನ್ನು ನಡೆಸಿದವರಿಗೆ ಅಲ್ಲಿಯ ಅಭ್ಯಾಸಗಳು ಗೊತ್ತಿರಲಿಲ್ಲ ಅಂತ ನಂಬುವುದು ಕಷ್ಟ. ಆದರೆ ಸಾಕ್ಷಿ ಇಲ್ಲದೆ ಒಬ್ಬನ ಜೀವನಪೂರ್ತಿಯ ಅನ್ನ ಕಿತ್ತುಕೊಳ್ಳುವುದೂ ನ್ಯಾಯ ಅಲ್ಲವಷ್ಟೆ. 1921ರಲ್ಲಿ ಪಕ್ಕದ ಊರಿನ ಹಡರ್ಸ್‌ಫೀಲ್ಡ್ ಟೌನ್ ಅವರ ಪರವಾಗಿ ನಿಂತು ಅಪೀಲು ಮಾಡಿಸಿತು. ನಿಷೇಧ ತೆಗೆದರು.

ಹಡರ್ಸ್‌ಫೀಲ್ಡ್ ಕೂಡ ಆಗಷ್ಟೇ ಬದುಕಿ ಉಳಿದ ಕ್ಲಬ್. ಲೀಡ್ಸಿನಲ್ಲಿ ಕ್ಲಬ್ ಇಲ್ಲದಾದಾಗ ಇದನ್ನೇ ಅಲ್ಲಿಗೆ ಎತ್ತಿಕೊಂಡು ಹೋಗುವ ಯೋಚನೆ ಇದರ ಮಾಲೀಕರಿಗೆ ಇತ್ತು. ಊರಿನ ಜನ ದುಡ್ಡು ಒಟ್ಟು ಮಾಡಿ ಉಳಿಸಿಕೊಂಡರು. ಮೊದಲ ಡಿವಿಷನ್ನಿಗೆ ಏರಿದ ವರ್ಷವೇ 17ನೇ ಸ್ಥಾನ. ಅಂಥಲ್ಲಿಗೆ ಬಂದ ಚಾಪ್‌ಮನ್ 1922ರಲ್ಲಿ ಎಫ್‌ಎ ಕಪ್, 1924ರಲ್ಲಿ ಮತ್ತು 1925ರಲ್ಲಿ ಲೀಗ್ ಗೆದ್ದರು.

ಈ 1924ರ ಲೆಕ್ಕ ನಮ್ಮಂಥವರು ನೋಡಲೇಬೇಕು. ಹಡರ್ಸ್‌ಫೀಲ್ಡ್ ಮತ್ತು ಕಾರ್ಡಿಫ್ ಸಿಟಿ ಎರಡಕ್ಕೂ 57 ಪಾಯಿಂಟ್. ಆಗ ಗೋಲ್ ಡಿಫರೆನ್ಸ್ ಇರಲಿಲ್ಲ, ಗೋಲ್ ಆವರೇಜ್ ಇತ್ತು, ಅಂದರೆ ಹೊಡೆದ ಗೋಲನ್ನು ತಿಂದ ಗೋಲಿನಿಂದ ಭಾಗಿಸುವುದು. ಹಡರ್ಸ್‌ಫೀಲ್ಡ್ 60 ಭಾಗಿಸು 33, ಅಂದರೆ 1.818. ಕಾರ್ಡಿಫ್ 61 ಭಾಗಿಸು 34, ಅಂದರೆ 1.794. ಮೂರನೇ ದಶಮಾಂಶದವರೆಗೆ ಹೋಗಿ 0.024ರಲ್ಲಿ ಲೀಗ್ ತೀರ್ಮಾನ. ಈಗಿನ ನಿಯಮ ಹಾಕಿದರೆ ಎರಡೂ ಕಡೆ ವ್ಯತ್ಯಾಸ 27, ಹೆಚ್ಚು ಗೋಲು ಹೊಡೆದ ಕಾರ್ಡಿಫ್ ಚಾಂಪಿಯನ್! ಕೊನೆಯ ಮ್ಯಾಚಿನಲ್ಲಿ ಕಾರ್ಡಿಫ್ ಒಂದು ಪೆನಾಲ್ಟಿ ಬೇರೆ ಹಾಳು ಮಾಡಿತ್ತು. ಇಂಟರ್ನಲ್ಸಿನಲ್ಲಿ ಅರ್ಧ ಮಾರ್ಕಿಗೆ ಹೋದವರಿಗೆ ಅವರ ಸಂಕಟ ಅರ್ಥ ಆಗ್ತದೆ.

ಅಷ್ಟರಲ್ಲಿ ಲಂಡನ್ನಿನಲ್ಲಿ ಆರ್ಸೆನಲ್ ಮುಳುಗುತ್ತಾ ಇತ್ತು. 22 ಟೀಮುಗಳ ಡಿವಿಷನ್ನಿನಲ್ಲಿ 1924ರಲ್ಲಿ 19ನೇ ಸ್ಥಾನ, 1925ರಲ್ಲಿ 20ನೇ ಸ್ಥಾನ. ಕೊನೆಯ ಎರಡು ಇಳಿಯಬೇಕು, ಅಂದರೆ ಒಂದೇ ಮೆಟ್ಟಿಲು ಬಾಕಿ. ಮ್ಯಾನೇಜರ್ ಲೆಸ್ಲಿ ನೈಟನ್ ಅವರನ್ನು ಚೇರ್ಮನ್ ಹೆನ್ರಿ ನಾರಿಸ್ ತೆಗೆದು ಹಾಕಿದರು. ಆಟಗಾರರಿಗೆ ಖರ್ಚು ಮಾಡಲಿಕ್ಕೆ ಚೇರ್ಮನ್ ಬಿಡುತ್ತಿರಲಿಲ್ಲ ಎಂದು ನೈಟನ್ ಆಮೇಲೆ ಬರೆದುಕೊಂಡರು. ಕೈ ಕಟ್ಟಿ ಹೊಳೆಗೆ ಇಳಿಸಿ, ಈಜಲಿಲ್ಲ ಅಂತ ಬೈದ ಹಾಗೆ. ನಾರಿಸ್ ಪೇಪರಿನಲ್ಲಿ ಹೊಸ ಮ್ಯಾನೇಜರಿಗಾಗಿ ಜಾಹೀರಾತು ಕೊಟ್ಟರು. ದೊಡ್ಡ ಮೊತ್ತ ಕೊಟ್ಟು ಆಟಗಾರರನ್ನು ತರುವುದೇ ದಾರಿ ಎನ್ನುವವರು ಅರ್ಜಿ ಹಾಕುವುದು ಬೇಡ ಎಂದು ಅದರಲ್ಲೇ ಇತ್ತು. ವರ್ಷಕ್ಕೆ 2,000 ಪೌಂಡ್ ಸಂಬಳದ ಮೇಲೆ ಬಂದ ಚಾಪ್‌ಮನ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, 33 ದಾಟಿದ ಚಾರ್ಲಿ ಬಕನ್ ಅವರನ್ನು ಸಂಡರ್‌ಲ್ಯಾಂಡಿನಿಂದ ತಂದದ್ದು. ಮುಂಗಡ 2,000 ಪೌಂಡ್, ಮೊದಲ ಸೀಸನ್ನಿನ ಪ್ರತಿ ಗೋಲಿಗೆ ಇನ್ನೊಂದು 100. ಬಕನ್ 21 ಗೋಲು ಹೊಡೆದರು, ಲೆಕ್ಕ ನೀವೇ ಹಾಕಿ.

ಗೆದ್ದ ಕ್ಲಬ್ ಬಿಟ್ಟು ಮುಳುಗುವ ಕ್ಲಬ್ಬಿಗೆ ಯಾಕೆ ಹೋದರು? ಸಂಬಳ ಒಂದು ಕಾರಣ, ಲಂಡನ್ನಿನಲ್ಲಿ ಬರುವ ಜನ ಇನ್ನೊಂದು. ನಮಗೆ ಮುಖ್ಯ ಅನ್ನಿಸುವುದು ಮೂರನೆಯದು. ಮುಳುಗುವವರು ಚೌಕಾಶಿ ಮಾಡುವುದಿಲ್ಲ. ಯಾರು ಆಡಬೇಕು, ಯಾರನ್ನು ಕೊಳ್ಳಬೇಕು, ಎಲ್ಲ ತನ್ನ ಕೈಯಲ್ಲೇ ಇರಬೇಕು ಎಂಬ ಷರತ್ತಿಗೆ ಒಪ್ಪುವುದು ಅಂಥವರು ಮಾತ್ರ. ಮ್ಯಾನೇಜರ್ ಎಂಬ ಹುದ್ದೆ ಈಗ ಇರುವ ರೂಪಕ್ಕೆ ಬಂದದ್ದು ಹೀಗೆ. ಎಲ್ಲ ಅಧಿಕಾರ ಒಬ್ಬನಿಗೆ ಬಂದ ಮೇಲೆ ಎಲ್ಲ ತಪ್ಪೂ ಅವನದ್ದೇ ಆಯಿತು. ಈಗ ಡಿಸೆಂಬರಿನಲ್ಲಿ ಮನೆಗೆ ಹೋಗುವವರು ಒಂದು ಲೆಕ್ಕದಲ್ಲಿ ಚಾಪ್‌ಮನ್ ಗೆದ್ದುಕೊಟ್ಟ ಹಕ್ಕಿನ ಬೆಲೆ ತೆರುತ್ತಿದ್ದಾರೆ.

1925ರಲ್ಲೇ ಆಫ್‌ಸೈಡ್ ನಿಯಮ ಬದಲಾಯಿತು. ಮುಂದೆ ಓಡಿದ ಆಟಗಾರನಿಗೂ ಗೋಲಿಗೂ ನಡುವೆ ಮೊದಲು ಮೂರು ಎದುರಾಳಿಗಳು ಇರಬೇಕಿತ್ತು, ಈಗ ಇಬ್ಬರು ಸಾಕು. ಎಲ್ಲ ಕಡೆ ಗೋಲಿನ ಮಳೆ. ಅಕ್ಟೋಬರ್ 3ರಂದು ನ್ಯೂಕಾಸಲ್‌ನಲ್ಲಿ ಆರ್ಸೆನಲ್ 7–0 ಸೋತಿತು. ನಡುವಿನಲ್ಲಿ ಆಡುವ ಸೆಂಟರ್ ಹಾಫನ್ನು ಹಿಂದೆ ತಂದು ಇಬ್ಬರು ಡಿಫೆಂಡರುಗಳ ಮಧ್ಯೆ ನಿಲ್ಲಿಸಿ ಎಂದು ಬಕನ್ ಮೊದಲಿಂದ ಹೇಳುತ್ತಿದ್ದರು. ಚಾಪ್‌ಮನ್ ಒಪ್ಪಿದರು. ಹಿಂದೆ ಒಬ್ಬ ಹೆಚ್ಚಾದಾಗ ನಡುವೆ ಒಬ್ಬ ಕಡಿಮೆಯಾದ, ಆ ಜಾಗ ತುಂಬಲು ಮುಂದಿನವನೊಬ್ಬನನ್ನು ಹಿಂದೆ ಎಳೆದರು. ಮುಂದಿನ ಮ್ಯಾಚು ವೆಸ್ಟ್ ಹ್ಯಾಮ್ ಮೇಲೆ 4–0 ಗೆಲುವು. ವರ್ಷಗಳಲ್ಲಿ ಇದು ಡಬ್ಲ್ಯು-ಎಂ ಎಂಬ ವ್ಯೂಹವಾಗಿ ಜಗತ್ತೆಲ್ಲ ಹಬ್ಬಿತು. ಆಟಗಾರನ ಮಾತನ್ನು ಮ್ಯಾನೇಜರ್ ಕೇಳಿದ್ದು ಇಲ್ಲಿ ದೊಡ್ಡ ಸಂಗತಿ.

ಆ ಸೀಸನ್ ಆರ್ಸೆನಲ್ 2ನೇ ಸ್ಥಾನ. ಇಲ್ಲಿಗೆ ಸಿನಿಮಾ ಮುಗಿಯಬೇಕಿತ್ತು, ಆದರೆ ಮುಂದಿನ ನಾಲ್ಕು ವರ್ಷ ನೋಡಿ: 11, 10, 9, 14. ನಮ್ಮ ಕ್ಲಾಸಿನ ಅರ್ಧ ಜನರ ಎಸ್‌ಜಿಪಿಎ ಗ್ರಾಫ್ ಇದ್ದ ಹಾಗೆ. 1927ರ ಎಫ್‌ಎ ಕಪ್ ಫೈನಲ್ ಅದೇ ಕಾರ್ಡಿಫ್ ಎದುರು 1–0 ಸೋತರು, ಗೋಲ್‌ಕೀಪರ್ ಕೈಯಿಂದ ಬಾಲ್ ಜಾರಿ. ಹಣದ ಅವ್ಯವಹಾರಕ್ಕಾಗಿ ಚೇರ್ಮನ್ ನಾರಿಸ್ ಫುಟ್ಬಾಲಿನಿಂದಲೇ ಹೊರಹೋದರು. 1928ರಲ್ಲಿ ಡೇವಿಡ್ ಜ್ಯಾಕ್ ಅವರನ್ನು ತರಲು 10,000 ಪೌಂಡಿಗೂ ಮೇಲೆ ಕೊಟ್ಟರು, ಅಷ್ಟು ಯಾರೂ ಅದುವರೆಗೆ ಕೊಟ್ಟದ್ದಿಲ್ಲ. 1929ರಲ್ಲಿ ಅಲೆಕ್ಸ್ ಜೇಮ್ಸ್ ಬಂದರು. ಇಷ್ಟು ಖರ್ಚು ಮಾಡಿ 14ನೇ ಸ್ಥಾನಕ್ಕೆ ಬಿದ್ದ ಮ್ಯಾನೇಜರನ್ನು ಈಗ ಎಷ್ಟು ದಿನ ಇಟ್ಟುಕೊಳ್ಳುತ್ತಿದ್ದರು? ಅವರನ್ನು ಇಟ್ಟುಕೊಂಡರು. ಆ 14ನೇ ಸ್ಥಾನದ ವರ್ಷವೇ, 1930ರಲ್ಲಿ, ಹಡರ್ಸ್‌ಫೀಲ್ಡನ್ನು 2–0 ಸೋಲಿಸಿ ಆರ್ಸೆನಲ್ ಮೊದಲ ಸಲ ಎಫ್‌ಎ ಕಪ್ ಗೆದ್ದಿತು. ಚಾಪ್‌ಮನ್ ಗೌರವಕ್ಕೆ ಎರಡೂ ಟೀಮು ಜೊತೆಯಾಗಿ ಮೈದಾನಕ್ಕೆ ಬಂದವು. ಮರುವರ್ಷ 66 ಪಾಯಿಂಟ್, 127 ಗೋಲು, ಲೀಗ್. 1933ರಲ್ಲಿ ಮತ್ತೊಮ್ಮೆ.

ಅವರ ತಲೆ ಆಟದಲ್ಲಿ ಮಾತ್ರ ಓಡುತ್ತಿರಲಿಲ್ಲ. ಅಂಗಿಯ ಬೆನ್ನಿಗೆ ನಂಬರು ಹಾಕಿ ನೋಡಿದರು. ಸ್ಟೇಡಿಯಮ್ಮಿಗೆ ಫ್ಲಡ್‌ಲೈಟ್ ಹಾಕಿಸಿದರು, ಅಧಿಕೃತ ಮ್ಯಾಚಿಗೆ ಅದನ್ನು ಉರಿಸಲು ಒಪ್ಪಿಗೆ ಸಿಕ್ಕಿದ್ದು ಅವರು ತೀರಿಕೊಂಡು ಎಷ್ಟೋ ವರ್ಷದ ನಂತರ. ಹತ್ತಿರದ ಗಿಲೆಸ್ಪಿ ರೋಡ್ ರೈಲು ನಿಲ್ದಾಣದ ಹೆಸರನ್ನೇ 1932ರಲ್ಲಿ ಆರ್ಸೆನಲ್ ಅಂತ ಬದಲಿಸಿಬಿಟ್ಟರು! ಒಳ್ಳೆಯದೇ ಎಲ್ಲ ಅಂತಲ್ಲ. 1933ರ ಜನವರಿಯಲ್ಲಿ ವಾಲ್ಸಾಲ್ ಎಂಬ ಸಣ್ಣ ಟೀಮಿಗೆ ಕಪ್ಪಿನಲ್ಲಿ 2–0 ಸೋತಾಗ, ಪೆನಾಲ್ಟಿ ಕೊಟ್ಟ ಎಳೆಯ ಆಟಗಾರ ಟಾಮಿ ಬ್ಲ್ಯಾಕ್ ಅವರನ್ನು ಕೆಲವೇ ದಿನಗಳಲ್ಲಿ ಬೇರೆ ಕ್ಲಬ್ಬಿಗೆ ಮಾರಿದರು. ನಿಷೇಧದ ರುಚಿ ಕಂಡವರು ಒಂದು ತಪ್ಪಿಗೆ ಅಷ್ಟು ಕಠಿಣ ಆಗಬಾರದಿತ್ತು ಎಂದು ನಮ್ಮ ಅಭಿಪ್ರಾಯ.

1934ರ ಹೊಸವರ್ಷದಲ್ಲಿ ಆಟಗಾರರನ್ನು ನೋಡಲೆಂದು ಉತ್ತರದ ಊರುಗಳಿಗೆ ಹೋಗಿ ಶೀತ ಹಿಡಿಸಿಕೊಂಡು ಬಂದರು. ಜ್ವರ ಇದ್ದರೂ ಗಿಲ್ಡ್‌ಫರ್ಡ್‌ನಲ್ಲಿ ಆರ್ಸೆನಲ್‌ನ ಮೂರನೇ ದರ್ಜೆಯ ಟೀಮಿನ ಮ್ಯಾಚು ನೋಡಲು ಹೋದರು. ಮೂರನೇ ಟೀಮು ಮಾರಾಯ್ರೆ, ಲೀಗಿನಲ್ಲಿ ಮೊದಲ ಸ್ಥಾನದಲ್ಲಿದ್ದ ಕ್ಲಬ್ಬಿನ ಮ್ಯಾನೇಜರ್! ನ್ಯುಮೋನಿಯಾ ಆಯಿತು. ಆಂಟಿಬಯೋಟಿಕ್ ಇಲ್ಲದ ಕಾಲ. ಜನವರಿ 6ರ ಬೆಳಗಿನ ಜಾವ ಲಂಡನ್ನಿನ ಹೆಂಡನ್ ಮನೆಯಲ್ಲಿ ತೀರಿಕೊಂಡರು, 55 ವರ್ಷ. ಅವತ್ತೇ ಆರ್ಸೆನಲ್‌ಗೆ ಶೆಫೀಲ್ಡ್ ವೆಡ್ನೆಸ್‌ಡೇ ಜೊತೆ ಮ್ಯಾಚಿತ್ತು. ಆಡಿದರು, 1–1. ಆ ಸೀಸನ್ ಮುಗಿಯುವಾಗ ಟೇಬಲಿನಲ್ಲಿ 59 ಪಾಯಿಂಟ್ ತೆಗೆದ ಆರ್ಸೆನಲ್ ಮೊದಲು, 56 ತೆಗೆದ ಹಡರ್ಸ್‌ಫೀಲ್ಡ್ ಎರಡನೆಯದು.